ಅಂಗವಿಕಲರ ಹಕ್ಕುಗಳ ಹೋರಾಟಗಾರರಿಗೆ ನುಡಿನಮನ: ಎಲ್ಲರೂ ಪಾಲ್ಗೊಳ್ಳುವಂತೆ ಸಭೆ ಏರ್ಪಡಿಸುವುದು ಹೇಗೆ?

ಅಂಗವಿಕಲರ ಹಕ್ಕುಗಳಿಗಾಗಿ ಜೀವನವಿಡೀ ದುಡಿದವರೊಬ್ಬರು ತೀರಿಕೊಳ್ಳುತ್ತಾರೆ. ಗೆಳೆಯರು ಸೇರಿ ನುಡಿನಮನ ಸಭೆ ಇಡುತ್ತಾರೆ. ಹಾಲ್ ತುಂಬುತ್ತದೆ, ಮಾತುಗಳೂ ಚೆನ್ನಾಗಿರುತ್ತವೆ. ಆದರೆ ಅವರ ಜೊತೆಗೇ ಬೀದಿಗಿಳಿದವರು ಮೆಟ್ಟಿಲ ಕೆಳಗೆ ಉಳಿದಿರುತ್ತಾರೆ. ಕಿವುಡ ಗೆಳೆಯರು ಎರಡು ಗಂಟೆ ಕೂತರೂ ಅವರಿಗೆ ಒಂದು ಮಾತೂ ತಲುಪಿರುವುದಿಲ್ಲ. ಕುರುಡ ಗೆಳೆಯರಿಗೆ ಪರದೆಯ ಮೇಲೆ ಯಾವ ಫೋಟೋ ಬಂತು ಅಂತ ಯಾರೂ ಹೇಳಿರುವುದಿಲ್ಲ. ಇದು ಮತ್ತೆ ಮತ್ತೆ ಆಗುತ್ತಿದೆ. ಒಳ್ಳೆಯ ಮನಸ್ಸಿನವರ ಕೈಯಲ್ಲೇ ಆಗುತ್ತಿದೆ.

ಹೆಚ್ಚಿನ ಸಲ ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ದಿನಾಂಕ, ಆಮೇಲೆ ಹಾಲ್, ಆಮೇಲೆ ಭಾಷಣಕಾರರು, ಎಲ್ಲ ಮುಗಿದ ಮೇಲೆ "ವೀಲ್‌ಚೇರ್‌ನವರು ಬಂದರೆ ಏನು ಮಾಡೋಣ?" ಎಂಬ ಪ್ರಶ್ನೆ. ಅಷ್ಟು ಹೊತ್ತಿಗೆ ಹಾಲ್ ಮೊದಲ ಮಹಡಿಯಲ್ಲಿ ಬುಕ್ ಆಗಿರುತ್ತದೆ. ಈ ಮಾರ್ಗದರ್ಶಿಯಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಶುರು ಮಾಡುವ ಮುನ್ನ: ಸಮಯ ಮತ್ತು ಸಾಮಾನು

ಅಂತ್ಯಕ್ರಿಯೆಗೆ ಅವಸರ ಇರುತ್ತದೆ, ನುಡಿನಮನಕ್ಕೆ ಇರಬೇಕಿಲ್ಲ. ಮೂರರಿಂದ ನಾಲ್ಕು ವಾರ ಇಟ್ಟುಕೊಳ್ಳಿ. ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್‌ಗಳು ಸಿಗುವುದಕ್ಕೆ, ಬ್ರೈಲ್ ಪ್ರತಿ ಮುದ್ರಿಸುವುದಕ್ಕೆ, ದೂರದವರು ತಮ್ಮ ಸಹಾಯಕರ ಜೊತೆ ಪ್ರಯಾಣ ಗೊತ್ತು ಮಾಡಿಕೊಳ್ಳುವುದಕ್ಕೆ ಅಷ್ಟು ಸಮಯ ಬೇಕೇ ಬೇಕು.

ಸಾಮಾನು ಜಾಸ್ತಿ ಏನಿಲ್ಲ. ಒಂದು ಅಳತೆ ಟೇಪು, ನೆಲಕ್ಕೆ ಅಂಟಿಸುವ ಬಣ್ಣದ ಟೇಪು, ಎತ್ತರ ಬದಲಿಸಬಹುದಾದ ಒಂದು ಮೈಕ್ ಸ್ಟ್ಯಾಂಡು, ಕನಿಷ್ಠ ಎರಡು ಕಾರ್ಡ್‌ಲೆಸ್ ಮೈಕ್, ಕ್ಯಾಪ್ಷನ್‌ಗೆಂದೇ (ಆಡುವ ಮಾತನ್ನು ಆಗಿಂದಾಗಲೇ ಅಕ್ಷರದಲ್ಲಿ ತೋರಿಸಲು) ಪ್ರತ್ಯೇಕ ಪರದೆ, ಎಕ್ಸ್‌ಟೆನ್ಷನ್ ಬೋರ್ಡು. ಹಣದ ಲೆಕ್ಕ ಬರೆಯುವಾಗ ಇಂಟರ್‌ಪ್ರಿಟರ್ ಮತ್ತು ಕ್ಯಾಪ್ಷನ್ ಖರ್ಚನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಕೊನೆಯ ಸಾಲಿನಲ್ಲಿ ಬರೆದದ್ದು ಹಣ ಕಡಿಮೆ ಬಿದ್ದಾಗ ಮೊದಲು ಹೋಗುತ್ತದೆ.

## ಹಂತ 1: ಯಾರು ನಡೆಸುತ್ತಾರೆ ಎಂದು ತೀರ್ಮಾನಿಸಿ

ಮೊದಲ ಭೇಟಿ ಮನೆಯವರ ಜೊತೆ. ತೀರಿಕೊಂಡವರು ತಮ್ಮ ಸಭೆ ಹೀಗಿರಲಿ ಎಂದು ಏನಾದರೂ ಬರೆದಿಟ್ಟಿದ್ದಾರಾ, ಹೇಳಿದ್ದಾರಾ ಕೇಳಿ. ಯಾವ ವಿಷಯ ವೇದಿಕೆಯಲ್ಲಿ ಬರಬಾರದು ಎಂದೂ ಕೇಳಿ. ಕಾಯಿಲೆ, ಸಾವಿನ ಕಾರಣ, ಆಸ್ಪತ್ರೆಯ ದಿನಗಳು ಮನೆಯವರ ಖಾಸಗಿ ವಿಷಯ. ಅವರು ಒಪ್ಪಿದರೆ ಮಾತ್ರ ಮಾತಾಡಬೇಕು.

ಎರಡನೆಯ ಭೇಟಿ ಅವರ ಜೊತೆ ಕೆಲಸ ಮಾಡಿದ ಅಂಗವಿಕಲ ಸಂಗಾತಿಗಳ ಜೊತೆ. ಐದಾರು ಜನರ ಒಂದು ಪುಟ್ಟ ತಂಡ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಂಗವಿಕಲರೇ ಇರಲಿ, ಬೇರೆ ಬೇರೆ ಬಗೆಯ ಅಂಗವೈಕಲ್ಯ ಇರುವವರು ಇರಲಿ. ಸಲಹೆ ಕೇಳುವುದಕ್ಕೆ ಮಾತ್ರ ಅವರನ್ನು ಕರೆದು, ತೀರ್ಮಾನವನ್ನು ಬೇರೆಯವರು ಮಾಡುವುದು ಬೇಡ. "ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ" ಎಂಬುದು ಈ ಚಳವಳಿಯ ಜಗತ್ತಿನಾದ್ಯಂತದ ಘೋಷಣೆ. ಅದನ್ನು ಬ್ಯಾನರ್ ಮೇಲೆ ಬರೆಸುವ ಮೊದಲು ತಂಡದಲ್ಲಿ ಪಾಲಿಸಿ.

ಎಚ್ಚರಿಕೆಯ ಗಂಟೆ: ತಂಡದ ಮೊದಲ ಸಭೆಯೇ ಮೆಟ್ಟಿಲಿರುವ ಮನೆಯಲ್ಲಿ ನಡೆಯುತ್ತಿದ್ದರೆ ಅಲ್ಲೇ ನಿಲ್ಲಿಸಿ, ಜಾಗ ಬದಲಿಸಿ.

## ಹಂತ 2: ಬರುವವರಿಗೆ ಏನು ಬೇಕು, ಕೇಳಿ ಪಟ್ಟಿ ಮಾಡಿ

ಊಹೆ ಮಾಡಬೇಡಿ. ಅವರ ಫೋನಿನಲ್ಲಿದ್ದ ಸಂಪರ್ಕಗಳು, ಅವರ ಸಂಘಟನೆಯ ಪಟ್ಟಿ, ಮನೆಯವರಿಗೆ ಗೊತ್ತಿರುವ ಗೆಳೆಯರು, ಎಲ್ಲರಿಗೂ ಒಂದು ಸಣ್ಣ ಸಂದೇಶ ಕಳಿಸಿ. "ಸಭೆಗೆ ಬರಲು, ಮಾತು ಅರ್ಥ ಮಾಡಿಕೊಳ್ಳಲು, ಆರಾಮಾಗಿ ಕೂರಲು ನಿಮಗೆ ಏನು ಬೇಕು?" ಎಂದು ಕೇಳಿದರೆ ಸಾಕು. ನಿಮಗೆ ಯಾವ ಅಂಗವೈಕಲ್ಯ ಇದೆ ಎಂದು ಕೇಳುವ ಅಗತ್ಯವೇ ಇಲ್ಲ.

ಬರುವ ಉತ್ತರಗಳಲ್ಲಿ ಕೆಲವು ಪರಸ್ಪರ ಜಗಳವಾಡುತ್ತವೆ. ಒಬ್ಬರಿಗೆ ತುಟಿ ನೋಡಿ ಮಾತು ತಿಳಿಯಲು ಒಳ್ಳೆಯ ಬೆಳಕು ಬೇಕು, ಇನ್ನೊಬ್ಬರಿಗೆ ಜಾಸ್ತಿ ಬೆಳಕಾದರೆ ತಲೆನೋವು. ಒಬ್ಬರು ಸಹಾಯಕ ನಾಯಿ ತರುತ್ತಾರೆ, ಇನ್ನೊಬ್ಬರಿಗೆ ನಾಯಿಯ ಅಲರ್ಜಿ. ಇಂಥವನ್ನು ಮೊದಲೇ ತಿಳಿದರೆ ಕೂರುವ ಜಾಗ ಬೇರೆ ಮಾಡಿ ಸುಲಭವಾಗಿ ಬಗೆಹರಿಸಬಹುದು. ಸಭೆಯ ದಿನ ತಿಳಿದರೆ ಯಾರೋ ಒಬ್ಬರು ಎದ್ದು ಹೋಗಬೇಕಾಗುತ್ತದೆ.

## ಹಂತ 3: ಜಾಗ ನೋಡಿ, ಟೇಪು ಹಿಡಿದು ಅಳೆಯಿರಿ

"ನಮ್ಮ ಹಾಲ್‌ನಲ್ಲಿ ಎಲ್ಲ ವ್ಯವಸ್ಥೆ ಇದೆ" ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ಮುಂಗಡ ಕೊಡಬೇಡಿ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ವೀಲ್‌ಚೇರ್ ಬಳಸುವ ಒಬ್ಬರು, ಬಿಳಿ ಕೋಲು ಬಳಸುವ ಒಬ್ಬರು ಜೊತೆಗಿರುವಂತೆ ಖುದ್ದಾಗಿ ಹೋಗಿ. ಗೇಟಿನಿಂದ ಶುರು ಮಾಡಿ.

ಹೊರಗಿನಿಂದ ಒಳಗೆ. ವಾಹನ ನಿಲ್ಲುವ ಜಾಗದಿಂದ ಬಾಗಿಲಿನವರೆಗೆ ಜಲ್ಲಿ, ಮರಳು, ಚರಂಡಿಯ ಜಾಲರಿ ಇದೆಯಾ ನೋಡಿ. ಬಾಗಿಲು ಪೂರ್ತಿ ತೆರೆದಾಗ ನಡುವೆ ಸಿಗುವ ಜಾಗ ಕನಿಷ್ಠ 80 ಸೆಂಟಿಮೀಟರ್ ಇರಬೇಕು, 90 ಇದ್ದರೆ ಒಳ್ಳೆಯದು. ಬಾಗಿಲ ಚೌಕಟ್ಟನ್ನಲ್ಲ, ದಾಟುವ ಜಾಗವನ್ನು ಅಳೆಯಿರಿ. ಹೊಸ್ತಿಲು ನೋಡಿ.

ರ‍್ಯಾಂಪ್. ಹೆಚ್ಚು ಕಡೆ ಒಪ್ಪಿರುವ ಅಳತೆ 1:12. ಅಂದರೆ 1 ಸೆಂಟಿಮೀಟರ್ ಎತ್ತರಕ್ಕೆ 12 ಸೆಂಟಿಮೀಟರ್ ಉದ್ದ. 15 ಸೆಂಟಿಮೀಟರ್‌ನ ಒಂದೇ ಮೆಟ್ಟಿಲಿಗೂ 1.8 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎರಡು ಮೆಟ್ಟಿಲಾದರೆ 3.6 ಮೀಟರ್. ಮೆಟ್ಟಿಲ ಮೇಲೆ ಒಂದು ಹಲಗೆ ಒರಗಿಸಿ "ರ‍್ಯಾಂಪ್ ಇದೆ" ಅಂದರೆ ಅದು ಅಪಾಯ. ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. "ನಾಲ್ಕು ಜನ ಸೇರಿ ಎತ್ತುತ್ತೇವೆ" ಎನ್ನುವ ಉತ್ತರವನ್ನಂತೂ ಒಪ್ಪಲೇಬೇಡಿ. ಬ್ಯಾಟರಿ ವೀಲ್‌ಚೇರ್ ಕೂತವರನ್ನೂ ಸೇರಿಸಿ 150 ಕಿಲೋ ದಾಟುವುದು ಸಾಮಾನ್ಯ. ಅದು ಹಗುರವೇ ಇದ್ದರೂ, ಒಬ್ಬ ಮನುಷ್ಯರನ್ನು ಮೂಟೆಯ ಹಾಗೆ ಎತ್ತಿಕೊಂಡು ಹೋಗುವುದು ಅವರ ಘನತೆಗೆ ಪೆಟ್ಟು.

ವೇದಿಕೆ. ಇದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಸಭಿಕರಿಗೆ ದಾರಿ ಇರುತ್ತದೆ, ಮಾತಾಡುವವರಿಗೆ ಇರುವುದಿಲ್ಲ. ಅಂಗವಿಕಲರು ಕೇಳುಗರಾಗಿ ಮಾತ್ರ ಬರುತ್ತಾರೆ ಎಂದು ಅಂದುಕೊಂಡ ಹಾಗಾಯಿತು, ಅಲ್ವಾ? 60 ಸೆಂಟಿಮೀಟರ್ ಎತ್ತರದ ವೇದಿಕೆಗೆ 7 ಮೀಟರ್‌ಗೂ ಉದ್ದದ ರ‍್ಯಾಂಪ್ ಬೇಕು. ಅಷ್ಟು ಜಾಗವಿಲ್ಲದಿದ್ದರೆ ವೇದಿಕೆಯನ್ನೇ ಬಿಡಿ. ಎಲ್ಲರೂ ನೆಲದ ಮಟ್ಟದಲ್ಲಿ ನಿಂತು ಅಥವಾ ಕೂತು ಮಾತಾಡಲಿ. ನನ್ನ ಪ್ರಕಾರ ನುಡಿನಮನಕ್ಕೆ ಅದೇ ಹೆಚ್ಚು ಹೊಂದುತ್ತದೆ. ಕೆಲವರು ಮೇಲೆ, ಕೆಲವರು ಕೆಳಗಿನಿಂದ ಎಂಬ ಏರ್ಪಾಡು ಮಾತ್ರ ಬೇಡ.

ಶೌಚಾಲಯ. ಬಾಗಿಲ ಮೇಲೆ ಚಿಹ್ನೆ ಇದೆ ಎಂದು ಸುಮ್ನೆ ಮುಂದೆ ಹೋಗಬೇಡಿ, ತೆರೆದು ನೋಡಿ. ಪೊರಕೆ, ಬಕೆಟ್, ಮುರಿದ ಕುರ್ಚಿ ತುಂಬಿದ ಉಗ್ರಾಣವಾಗಿರುವ ಸಾಧ್ಯತೆ ಜಾಸ್ತಿ. ಒಳಗೆ ವೀಲ್‌ಚೇರ್ ಸುತ್ತು ತಿರುಗಲು 150 ಸೆಂಟಿಮೀಟರ್ ಅಗಲದ ಖಾಲಿ ಜಾಗ, ಕಮೋಡಿನ ಪಕ್ಕ ವೀಲ್‌ಚೇರ್ ನಿಲ್ಲಿಸುವಷ್ಟು ಜಾಗ, ಗಟ್ಟಿಯಾದ ಹಿಡಿಕೆ, ಹೊರಕ್ಕೆ ತೆರೆಯುವ ಅಥವಾ ಸರಿಯುವ ಬಾಗಿಲು ಬೇಕು. ಹಿಡಿಕೆಯನ್ನು ಕೈಯಿಂದ ಜಗ್ಗಿ ನೋಡಿ. ಸರಿಯಾದ ಶೌಚಾಲಯ ಇಲ್ಲದಿದ್ದರೆ ಹಲವರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯದೆ ಬರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ. ಶೌಚಾಲಯ ಸರಿಯಿಲ್ಲದ ಹಾಲ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಲಿಫ್ಟು. ಲಿಫ್ಟು ಒಂದೇ ಇದ್ದು, ಕೆಟ್ಟರೆ ಬೇರೆ ದಾರಿ ಇಲ್ಲ ಎಂದಾದರೆ ನೆಲಮಹಡಿಯ ಹಾಲ್ ಹುಡುಕಿ. ಬೆಂಕಿ ಬಿದ್ದಾಗ ಲಿಫ್ಟು ಬಳಸುವಂತಿಲ್ಲ. ಆಗ ಮೇಲಿನ ಮಹಡಿಯಲ್ಲಿರುವ ಹತ್ತಾರು ವೀಲ್‌ಚೇರ್‌ಗಳು ಕೆಳಗಿಳಿಯುವುದು ಹೇಗೆ?

ಇವಲ್ಲದೆ ಹಾಲ್ ಪಕ್ಕದಲ್ಲಿ ಒಂದು ಸಣ್ಣ ಶಾಂತ ಕೋಣೆ ಇರಲಿ. ಗದ್ದಲ ತಡೆಯಲಾಗದ ಆಟಿಸಂ ಇರುವವರಿಗೆ, ಸ್ವಲ್ಪ ಹೊತ್ತು ಮಲಗಬೇಕಾದವರಿಗೆ, ದುಃಖ ಉಕ್ಕಿ ಬಂದವರಿಗೆ ಅದು ಬೇಕಾಗುತ್ತದೆ. ಬ್ಯಾಟರಿ ವೀಲ್‌ಚೇರ್ ಮತ್ತು ಉಸಿರಾಟದ ಯಂತ್ರ ಚಾರ್ಜ್ ಮಾಡಲು ಪ್ಲಗ್ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ.

ಹಾಲ್‌ನವರು ಬದಲಾವಣೆಗೆ ಒಪ್ಪದಿದ್ದರೆ ಮಾತಾಡುವುದಕ್ಕೆ ಒಂದು ಆಧಾರ ಇದೆ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಸಾರ್ವಜನಿಕ ಜಾಗಗಳು ಎಲ್ಲರಿಗೂ ಎಟುಕಬೇಕು ಎನ್ನುತ್ತದೆ. 30ನೇ ವಿಧಿ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ ಹಕ್ಕಿನ ಬಗ್ಗೆ ಇದೆ. ಬಹುಪಾಲು ದೇಶಗಳು ಇದನ್ನು ಒಪ್ಪಿಕೊಂಡಿವೆ. ದಯೆ ತೋರಿಸಿ ಎಂದು ಬೇಡುವ ಅಗತ್ಯವಿಲ್ಲ.

## ಹಂತ 4: ಇಂಟರ್‌ಪ್ರಿಟರ್ ಸಿಕ್ಕ ಮೇಲೆ ದಿನಾಂಕ ಗೊತ್ತು ಮಾಡಿ

ಸಂಜ್ಞಾ ಭಾಷೆಯ ಒಳ್ಳೆಯ ಇಂಟರ್‌ಪ್ರಿಟರ್‌ಗಳು ಎಲ್ಲ ಕಡೆಯೂ ಕಡಿಮೆ. ಅವರು ಬಿಡುವಾಗಿರುವ ದಿನವೇ ಸಭೆಯ ದಿನ. ಒಂದು ಗಂಟೆ ಮೀರುವ ಸಭೆಗೆ ಇಬ್ಬರು ಬೇಕು. ಸುಮಾರು 20 ನಿಮಿಷಕ್ಕೊಮ್ಮೆ ಅದಲು ಬದಲಾಗುತ್ತಾರೆ. ಒಬ್ಬರೇ ಎರಡು ಗಂಟೆ ನಿಂತರೆ ಮೈಯಷ್ಟೇ ಅಲ್ಲ, ಮನಸ್ಸೂ ದಣಿದು ಮಾತು ತಪ್ಪುತ್ತದೆ.

"ಒಬ್ಬರಿಗೆ ಸ್ವಲ್ಪ ಸನ್ನೆ ಬರುತ್ತದೆ, ಅವರೇ ಮಾಡಲಿ" ಎಂಬುದು ಸಾಮಾನ್ಯವಾಗಿ ಆಗುವ ತಪ್ಪು. ತೀರಿಕೊಂಡವರ ಮನೆಯವರನ್ನೇ ಈ ಕೆಲಸಕ್ಕೆ ನಿಲ್ಲಿಸುವುದು ಇನ್ನೂ ದೊಡ್ಡ ತಪ್ಪು. ಅವರು ಅಳುವ ದಿನ ಅವರಿಗೆ ಕೆಲಸ ಕೊಡಬೇಡಿ.

ಭಾಷಣದ ಪ್ರತಿ, ಹೆಸರುಗಳ ಪಟ್ಟಿ, ಸಂಘಟನೆಗಳ ಪೂರ್ತಿ ಹೆಸರು, ಓದಲಿರುವ ಕವಿತೆ, ಎಲ್ಲವನ್ನೂ ಮೂರು ದಿನ ಮೊದಲೇ ಇಂಟರ್‌ಪ್ರಿಟರ್‌ಗಳಿಗೆ ಕೊಡಿ. ಕವಿತೆಯನ್ನು ಆ ಕ್ಷಣದಲ್ಲಿ ಕೇಳಿ ಸಂಜ್ಞೆಗೆ ತರುವುದು ತುಂಬಾ ಕಷ್ಟ. ಅವರು ನಿಲ್ಲುವ ಜಾಗ ಮಾತಾಡುವವರ ಪಕ್ಕದಲ್ಲೇ ಇರಲಿ. ಹಿನ್ನೆಲೆ ಸಾದಾ ಬಣ್ಣದ್ದಾಗಿರಲಿ. ವಿಡಿಯೊ ತೋರಿಸಲು ದೀಪ ಆರಿಸಿದಾಗ ಅವರ ಮೇಲಿನ ಬೆಳಕು ಉಳಿಯಬೇಕು. ದೀಪ ಆರಿದರೆ ಕಿವುಡರ ಪಾಲಿಗೆ ಮಾತೇ ಆರಿದ ಹಾಗೆ. ಕಿವುಡರೂ ಕುರುಡರೂ ಆಗಿರುವವರು ಬರುತ್ತಿದ್ದರೆ, ಕೈಗೆ ಕೈ ತಾಗಿಸಿ ತಿಳಿಸುವ ಇಂಟರ್‌ಪ್ರಿಟರ್ ಅವರವರಿಗೇ ಬೇರೆ ಬೇಕು.

ಸಂಜ್ಞಾ ಭಾಷೆ ಇದ್ದರೆ ಸಾಕು ಎಂದು ಕ್ಯಾಪ್ಷನ್ ಬಿಡಬೇಡಿ. ವಯಸ್ಸಾದ ಮೇಲೆ ಕಿವಿ ಮಂದವಾದ ಹೆಚ್ಚಿನವರಿಗೆ ಸಂಜ್ಞಾ ಭಾಷೆ ಬರುವುದಿಲ್ಲ. ಅವರಿಗೆ ಪರದೆಯ ಮೇಲೆ ಅಕ್ಷರ ಬೇಕು. ಸಾಧ್ಯವಿದ್ದರೆ ಟೈಪ್ ಮಾಡುವ ಪರಿಣತರನ್ನು ಕರೆಸಿ. ತಾನೇ ತಾನಾಗಿ ಬರುವ ಕ್ಯಾಪ್ಷನ್ ಒಂದೇ ಗತಿ ಎಂದಾದರೆ, ಧ್ವನಿಯನ್ನು ಸೌಂಡ್ ಮಿಕ್ಸರ್‌ನಿಂದ ನೇರವಾಗಿ ಕೊಡಿ. ಲ್ಯಾಪ್‌ಟಾಪಿನ ಮೈಕ್ ನಂಬಬೇಡಿ. ಈ ಕ್ಯಾಪ್ಷನ್ ಜಾಸ್ತಿ ತಪ್ಪುವುದು ಹೆಸರುಗಳಲ್ಲಿ. ತೀರಿಕೊಂಡವರ ಹೆಸರನ್ನೇ ಪರದೆಯ ಮೇಲೆ ಇಪ್ಪತ್ತು ಸಲ ತಪ್ಪಾಗಿ ಓದುವುದು ಮನೆಯವರಿಗೆ ನೋವಿನ ಸಂಗತಿ, ಮೊದಲೇ ಪರೀಕ್ಷಿಸಿ.

## ಹಂತ 5: ಆಮಂತ್ರಣ

ಚಂದದ ಚಿತ್ರವೊಂದನ್ನು ವಾಟ್ಸಾಪ್‌ನಲ್ಲಿ ಹರಿಬಿಟ್ಟರೆ ಕುರುಡರ ಫೋನಿನ ಸ್ಕ್ರೀನ್ ರೀಡರ್ ಅದನ್ನು ಸಾಮಾನ್ಯವಾಗಿ "ಚಿತ್ರ" ಎಂದಷ್ಟೇ ಓದುತ್ತದೆ. ಚಿತ್ರದ ಕೆಳಗೆ ಅದೇ ವಿವರ ಅಕ್ಷರದಲ್ಲಿ ಇರಲೇಬೇಕು. ಏನೇನು ವ್ಯವಸ್ಥೆ ಇದೆ, ಏನು ಇಲ್ಲ, ಎರಡನ್ನೂ ಬರೆಯಿರಿ. ಹಿಯರಿಂಗ್ ಲೂಪ್ ಎಂದರೆ ಮೈಕಿನ ಧ್ವನಿಯನ್ನು ನೇರವಾಗಿ ಶ್ರವಣ ಯಂತ್ರಕ್ಕೆ ಮುಟ್ಟಿಸುವ ವ್ಯವಸ್ಥೆ. "ಹಿಯರಿಂಗ್ ಲೂಪ್ ಇಲ್ಲ" ಎಂದು ಮೊದಲೇ ತಿಳಿದರೆ ಶ್ರವಣ ಯಂತ್ರದವರು ತಮ್ಮ ವ್ಯವಸ್ಥೆ ತಾವು ಮಾಡಿಕೊಳ್ಳುತ್ತಾರೆ. ಗಾಢ ಸುಗಂಧ ಹಾಕಿಕೊಂಡು ಬರಬೇಡಿ ಎಂದು ವಿನಂತಿಸಿ, ಉಸಿರಾಟದ ತೊಂದರೆ ಇರುವವರಿಗೆ ಅದರಿಂದ ಉಪಕಾರ.

ಆನ್‌ಲೈನ್‌ನಲ್ಲಿ ಸೇರುವ ಕೊಂಡಿಯನ್ನು ಎಲ್ಲರಿಗೂ ಕೊಡಿ. ಹಾಸಿಗೆ ಬಿಟ್ಟು ಏಳಲಾಗದ, ಪ್ರಯಾಣ ಮಾಡಲಾಗದ ಎಷ್ಟೋ ಹೋರಾಟಗಾರರು ಮನೆಯಿಂದಲೇ ಚಳವಳಿ ಕಟ್ಟಿದ್ದಾರೆ. ಅವರು ನೋಡುವುದಷ್ಟೇ ಅಲ್ಲ, ಮಾತಾಡಲೂ ಅವಕಾಶ ಇರಬೇಕು.

## ಹಂತ 6: ಭಾಷಣಗಳು

ಏರ್ಪಾಡು ಎಲ್ಲ ಸರಿಯಾಗಿದ್ದೂ ಸಭೆ ಕೆಡುವುದು ಇಲ್ಲಿ. ಮಾತಾಡುವವರಿಗೆ ಮೊದಲೇ ಒಂದು ಪುಟದ ಸೂಚನೆ ಕಳಿಸಿ. ಇದರಿಂದ ಯಾರಿಗೂ ಬೇಜಾರಾಗುವುದಿಲ್ಲ. ಏನು ಹೇಳಬೇಕು ಎಂದು ತಿಳಿಯದೆ ತಡವರಿಸುವವರೇ ಹೆಚ್ಚು.

ಬೇಡದ ಮಾತುಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. "ಅಂಗವೈಕಲ್ಯ ಇದ್ದರೂ ಸಾಧಿಸಿದರು." "ಪಾಪ, ಎಷ್ಟು ಕಷ್ಟಪಟ್ಟರು." "ಈಗ ವೀಲ್‌ಚೇರ್‌ನಿಂದ ಬಿಡುಗಡೆ ಸಿಕ್ಕಿತು, ಅಲ್ಲಿ ಓಡಾಡುತ್ತಿರಬಹುದು." ಈ ಕೊನೆಯದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಎದುರಿಗೆ ವೀಲ್‌ಚೇರ್‌ನಲ್ಲಿ ಕೂತು ಕೇಳುತ್ತಿರುವವರನ್ನು ನೆನೆಸಿಕೊಳ್ಳಿ. ನಿಮ್ಮ ಬದುಕಿಗೆ ಸಾವೇ ಬಿಡುಗಡೆ ಎಂದು ಅವರಿಗೆ ಹೇಳಿದ ಹಾಗಾಗುತ್ತದೆ. ವೀಲ್‌ಚೇರ್ ಅವರನ್ನು ಕಟ್ಟಿಹಾಕಿರಲಿಲ್ಲ. ಅದು ಅವರನ್ನು ಊರೂರು ಸುತ್ತಿಸಿತ್ತು. ಕಟ್ಟಿಹಾಕಿದ್ದು ಮೆಟ್ಟಿಲು.

ಆಸ್ಟ್ರೇಲಿಯಾದ ಹೋರಾಟಗಾರ್ತಿ, ಹಾಸ್ಯಗಾರ್ತಿ ಸ್ಟೆಲ್ಲಾ ಯಂಗ್ 2014ರ ಒಂದು ಭಾಷಣದಲ್ಲಿ ಇದನ್ನೇ ಹೇಳಿದ್ದರು. ಅಂಗವಿಕಲರನ್ನು ಉಳಿದವರ ಸ್ಫೂರ್ತಿಯ ಸರಕು ಮಾಡಬೇಡಿ, ಮೆಟ್ಟಿಲುಗಳನ್ನು ನೋಡಿ ಎಷ್ಟು ನಕ್ಕರೂ ಅವು ರ‍್ಯಾಂಪ್ ಆಗುವುದಿಲ್ಲ ಎಂದು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಅಂಥವರ ಸಭೆಯಲ್ಲೇ ಯಾರಾದರೂ "ನಮಗೆಲ್ಲ ಸ್ಫೂರ್ತಿ" ಎಂದು ಶುರು ಮಾಡಿದರೆ ಹೇಗಿರುತ್ತದೆ ಹೇಳಿ.

ಹಾಗಾದರೆ ಏನು ಹೇಳಬೇಕು? ಅವರು ಮಾಡಿದ ಕೆಲಸ ಹೇಳಿ. ಯಾರ ವಿರುದ್ಧ, ಯಾವ ವರ್ಷ, ಏನು ಕೇಳಿದರು, ಏನು ಸಿಕ್ಕಿತು. ಅಮೆರಿಕದ ಅಂಗವಿಕಲರ ಹಕ್ಕುಗಳ ಹೋರಾಟಗಾರ್ತಿ ಜೂಡಿ ಹ್ಯೂಮನ್ ಅವರ ಬಗ್ಗೆ "ಛಲಗಾತಿ" ಎಂದರೆ ಏನೂ ತಿಳಿಯುವುದಿಲ್ಲ. ವೀಲ್‌ಚೇರ್ ಬಳಸುತ್ತಾರೆಂದು 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರಿಗೆ ಶಿಕ್ಷಕಿಯ ಪರವಾನಗಿ ಕೊಡಲಿಲ್ಲ, ಅವರು ಕೋರ್ಟಿಗೆ ಹೋಗಿ ಪಡೆದುಕೊಂಡು ಪಾಠ ಮಾಡಿದರು ಎಂದರೆ ಛಲ ತಾನಾಗಿ ಕಾಣುತ್ತದೆ.

ಜೊತೆಗಿದ್ದವರ ಹೆಸರನ್ನೂ ಹೇಳಿ. 1977ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ಧರಣಿ ಕೂತರು. ಅಷ್ಟು ದಿನ ಅವರಿಗೆ ಊಟ ತಂದುಕೊಟ್ಟವರು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. ಫೋನ್ ಕಡಿತವಾದಾಗ ಕಿವುಡ ಧರಣಿಗಾರರು ಕಿಟಕಿಯಿಂದ ಸಂಜ್ಞಾ ಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಒಬ್ಬರ ಕಥೆಯಾಗಿ ಮಾತ್ರ ಹೇಳಿದರೆ ಇದೆಲ್ಲ ಬಿಟ್ಟುಹೋಗುತ್ತದೆ. ನೀವು ನೆನೆಯುತ್ತಿರುವವರ ಹೋರಾಟದಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರಲ್ಲಿ ಕೆಲವರು ಸಭೆಯಲ್ಲೇ ಕೂತಿರುತ್ತಾರೆ.

ಅವರನ್ನು ದೇವರನ್ನಾಗಿಯೂ ಮಾಡಬೇಡಿ. ಸಿಟ್ಟು, ಹಟ, ತಮಾಷೆ, ಒಪ್ಪದ ಅಭಿಪ್ರಾಯ ಎಲ್ಲ ಬರಲಿ. ಅಂಗವೈಕಲ್ಯದ ಬಗ್ಗೆ ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಿದ್ದರೋ ಆ ಪದವನ್ನೇ ಎಲ್ಲರೂ ಬಳಸಿ.

ಮಾತಾಡಲು ಯಂತ್ರ ಬಳಸುವವರಿಗೆ, ತೊದಲು ಇರುವವರಿಗೆ ಎರಡರಷ್ಟು ಸಮಯ ಕೊಡಿ. ವಾಕ್ಯವನ್ನು ನೀವು ಪೂರ್ತಿ ಮಾಡಿಕೊಡಬೇಡಿ. ಯಂತ್ರದ ಸ್ಪೀಕರ್ ಬಳಿ ಮೈಕ್ ಹಿಡಿದರೆ ಸಾಕು. ಹೆಚ್ಚಿನವರ ಹೊತ್ತು ಐದು ನಿಮಿಷ ಎಂದಿಟ್ಟುಕೊಂಡು, ಒಟ್ಟು ಸಭೆ ಎರಡು ಗಂಟೆ ಮೀರದಿರಲಿ. ನಡುವೆ ಬಿಡುವು ಇರಲಿ. ಗಣ್ಯರ ಪಟ್ಟಿ ಉದ್ದವಾದಷ್ಟೂ ಜೊತೆಗಾರರ ಸಮಯ ಕಡಿಮೆಯಾಗುತ್ತದೆ, ಇದು ನೆನಪಿರಲಿ.

## ಹಂತ 7: ಹಿಂದಿನ ದಿನದ ತಾಲೀಮು

ಕುರ್ಚಿ ಹಾಕಿಸುವಾಗ ವೀಲ್‌ಚೇರ್‌ಗೆ 90 × 130 ಸೆಂಟಿಮೀಟರ್ ಜಾಗವನ್ನು ಬಣ್ಣದ ಟೇಪಿನಿಂದ ಗುರುತು ಮಾಡಿ. ಎಲ್ಲವೂ ಕೊನೆಯ ಸಾಲಿನಲ್ಲಿ ಬೇಡ. ಮುಂದೆ, ನಡುವೆ, ಹಿಂದೆ ಹಂಚಿ, ಪಕ್ಕದಲ್ಲೇ ಜೊತೆಗಾರರ ಕುರ್ಚಿ ಇಡಿ. ಕಿವುಡರಿಗೆ ಇಂಟರ್‌ಪ್ರಿಟರ್ ನೇರವಾಗಿ ಕಾಣುವ ಸಾಲು ಕಾಯ್ದಿರಿಸಿ. ವೈರ್‌ಗಳನ್ನು ನಡೆಯುವ ದಾರಿಯಿಂದ ತೆಗೆಸಿ.

ಭಾವಚಿತ್ರ ಇಡುವ ಮೇಜು, ಅನಿಸಿಕೆ ಬರೆಯುವ ಪುಸ್ತಕದ ಮೇಜು ಸುಮಾರು 75 ಸೆಂಟಿಮೀಟರ್ ಎತ್ತರ ಇದ್ದು, ಕೆಳಗೆ ಮೊಣಕಾಲು ಹೋಗುವಷ್ಟು ಖಾಲಿ ಇರಲಿ. ಬರೆಯಲಾಗದವರು ಮಾತಿನಲ್ಲಿ ಹೇಳಿ ಹೋಗಲು ಒಂದು ಧ್ವನಿಮುದ್ರಣದ ಫೋನೂ ಇರಲಿ. ಕಾರ್ಯಕ್ರಮದ ಪಟ್ಟಿಯನ್ನು 18 ಪಾಯಿಂಟ್ ದಪ್ಪ ಅಕ್ಷರದಲ್ಲಿ, ಬ್ರೈಲ್‌ನಲ್ಲಿ, ಫೋನಿನಲ್ಲಿ ಓದುವ ಪ್ರತಿಯಾಗಿಯೂ ಸಿದ್ಧಮಾಡಿ.

ಅವರ ವೀಲ್‌ಚೇರ್, ಕೋಲು, ಊರುಗೋಲನ್ನು ವೇದಿಕೆಯಲ್ಲಿ ಇಡುವ ಯೋಚನೆ ಇದ್ದರೆ ಮನೆಯವರ ಒಪ್ಪಿಗೆ ಬೇಕು. ಹಲವರಿಗೆ ಅದು ದೇಹದ ಭಾಗವೇ ಆಗಿರುತ್ತದೆ. ಕಣ್ಣೀರು ತರಿಸಲೆಂದು ಖಾಲಿ ಗಾಲಿಕುರ್ಚಿ ನಿಲ್ಲಿಸುವುದು ಬೇಡ.

## ಹಂತ 8: ಸಭೆಯ ದಿನ

ಬೆಳಿಗ್ಗೆ ಮೊದಲು ನೋಡಬೇಕಾದ್ದು ಶೌಚಾಲಯದ ಬೀಗ ಮತ್ತು ರ‍್ಯಾಂಪಿನ ಬಾಯಿ. ಯಾರಾದರೂ ರ‍್ಯಾಂಪಿಗೆ ಅಡ್ಡ ವಾಹನ ನಿಲ್ಲಿಸದಂತೆ ಒಬ್ಬ ಸ್ವಯಂಸೇವಕರನ್ನು ಅಲ್ಲೇ ನಿಲ್ಲಿಸಿ. ಸ್ವಯಂಸೇವಕರಿಗೆ ಮೂರು ಮಾತು ಹೇಳಿಕೊಡಿ: ಕೇಳದೆ ವೀಲ್‌ಚೇರ್ ತಳ್ಳಬೇಡಿ, ಕುರುಡರ ಕೈ ಹಿಡಿದು ಎಳೆಯಬೇಡಿ, ಸಹಾಯಕರ ಜೊತೆಯಲ್ಲ, ಬಂದವರ ಜೊತೆಯೇ ಮಾತಾಡಿ.

ನಿರೂಪಕರ ಮಾತಿನಲ್ಲಿ ಕೆಲವು ಅಭ್ಯಾಸ ಬೇಕು. ಪ್ರತಿಯೊಬ್ಬರೂ ಮಾತಿನ ಮೊದಲು ತಮ್ಮ ಹೆಸರು ಹೇಳಲಿ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಎನ್ನುವವರಿಗೂ ಮೈಕ್ ಕೊಡಿ. ಹಿಯರಿಂಗ್ ಲೂಪ್‌ಗೂ ಆನ್‌ಲೈನಿಗೂ ಹೋಗುವುದು ಮೈಕಿನ ಧ್ವನಿ ಮಾತ್ರ. ಫೋಟೋ ತೋರಿಸುವಾಗ ಒಂದೆರಡು ವಾಕ್ಯದಲ್ಲಿ ವಿವರಿಸಲಿ: ಯಾರು, ಎಲ್ಲಿ, ಏನು ಮಾಡುತ್ತಿದ್ದಾರೆ. ವಿಡಿಯೊಗೆ ಕ್ಯಾಪ್ಷನ್ ಇರಲಿ. ಒಂದು ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಮಿನುಗುವ ಬೆಳಕು ಕೆಲವರಿಗೆ ಫಿಟ್ಸ್ ತರಿಸಬಹುದು, ಕ್ಯಾಮೆರಾ ಫ್ಲ್ಯಾಶ್ ನಿಲ್ಲಿಸಿ.

ಮೌನಾಚರಣೆ ಸುಲಭ ಅನ್ನಿಸುತ್ತದೆ, ಆದರೆ ತಪ್ಪುವುದು ಅದರಲ್ಲೇ ಜಾಸ್ತಿ. "ಎಲ್ಲರೂ ಎದ್ದು ನಿಲ್ಲಿ" ಎನ್ನಬೇಡಿ. "ನಿಲ್ಲಬಹುದು, ಕೂತೇ ಇರಬಹುದು" ಎನ್ನಿ. ಮುಗಿದದ್ದನ್ನು ಬಾಯಿಬಿಟ್ಟು ಹೇಳಿ, ಜೊತೆಗೆ ದೀಪವನ್ನು ಒಮ್ಮೆ ನಿಧಾನವಾಗಿ ಮಂಕು ಮಾಡಿ ಬೆಳಗಿಸಿ. ಇಲ್ಲದಿದ್ದರೆ ತಲೆ ತಗ್ಗಿಸಿ ಕಣ್ಣು ಮುಚ್ಚಿದ ಕಿವುಡರು ಸಭೆ ಮುಂದುವರಿದರೂ ಹಾಗೇ ಕೂತಿರುತ್ತಾರೆ. ಆ ಒಂದು ನಿಮಿಷದಲ್ಲಿ ಯಾರಾದರೂ ಶಬ್ದ ಮಾಡಿದರೆ, ಉಸಿರಾಟದ ಯಂತ್ರ ಸದ್ದು ಮಾಡಿದರೆ ತಿರುಗಿ ನೋಡುವುದು ಬೇಡ. ಅವರು ಹಾಗೆಯೇ ಇರಬಹುದಾದ ಜಾಗ ಇದು.

ಅಪಾಯದ ಸೂಚನೆಗಳನ್ನು ಗಮನಿಸುತ್ತಿರಿ. ಕ್ಯಾಪ್ಷನ್ ಪರದೆ ನಿಂತುಹೋಗಿದೆಯಾ? ಇಂಟರ್‌ಪ್ರಿಟರ್ ಮಾತಾಡುವವರ ಕಡೆ ಪದೇ ಪದೇ ತಿರುಗುತ್ತಿದ್ದಾರಾ? ಹಾಗಾದರೆ ಮಾತಿನ ವೇಗ ಜಾಸ್ತಿಯಾಗಿದೆ ಎಂದರ್ಥ. ಆನ್‌ಲೈನ್‌ನವರು ಧ್ವನಿ ಇಲ್ಲ ಎಂದು ಬರೆಯುತ್ತಿದ್ದಾರಾ? ಇದನ್ನು ನೋಡಿಕೊಳ್ಳಲೆಂದೇ ಒಬ್ಬರಿರಲಿ. ಅವರು ಕೈ ಎತ್ತಿದರೆ ಯಾರ ಭಾಷಣವಾದರೂ ನಿಲ್ಲಬೇಕು. ಈ ಅಧಿಕಾರವನ್ನು ಮೊದಲೇ ಘೋಷಿಸಿ.

## ಹಂತ 9: ಸಭೆ ಮುಗಿದ ಮೇಲೆ

ಮನೆಗೆ ಹೋಗಲು ವಾಹನ ಕಾಯುತ್ತಿರುವ ಕೊನೆಯ ವ್ಯಕ್ತಿ ಹೊರಡುವವರೆಗೆ ಹಾಲ್ ಮುಚ್ಚಬೇಡಿ.

ಅವರ ಪತ್ರ, ಅರ್ಜಿ, ಕೋರ್ಟ್ ಕಾಗದ, ಫೋಟೋ, ಉಪಕರಣಗಳ ಗತಿ ಏನು ಎಂದು ಮನೆಯವರ ಜೊತೆ ಒಂದು ತಿಂಗಳೊಳಗೆ ಮಾತಾಡಿ. ಅಮೆರಿಕದ ಅಂಗವಿಕಲರ ಹಕ್ಕುಗಳ ಹೋರಾಟಗಾರ ಎಡ್ ರಾಬರ್ಟ್ಸ್ 1995ರಲ್ಲಿ ತೀರಿಕೊಂಡ ಮೇಲೆ ಅವರ ಬ್ಯಾಟರಿ ವೀಲ್‌ಚೇರ್ ಸ್ಮಿತ್‌ಸೋನಿಯನ್ ಸಂಗ್ರಹಾಲಯ ಸೇರಿತು. ಎಲ್ಲರ ವಸ್ತುವೂ ಸಂಗ್ರಹಾಲಯಕ್ಕೆ ಹೋಗಬೇಕಿಲ್ಲ. ಬಳಸಬಹುದಾದ ವೀಲ್‌ಚೇರ್, ಬ್ರೈಲ್ ಯಂತ್ರ ಇನ್ನೊಬ್ಬರ ಕೈ ಸೇರಬಹುದು. ಆದರೆ ಕಾಗದಗಳನ್ನು ಮಾತ್ರ ರದ್ದಿಗೆ ಬಿಡಬೇಡಿ. ಚಳವಳಿಗಳ ದಾಖಲೆ ಹೆಚ್ಚಾಗಿ ಮನೆಗಳ ಅಟ್ಟದ ಮೇಲೇ ಇರುತ್ತದೆ. ಬೇರೆಯವರ ಆರೋಗ್ಯದ ವಿವರ ಇರುವ ಕಾಗದಗಳನ್ನು ಅವರನ್ನು ಕೇಳದೆ ಹೊರಗೆ ಕೊಡಬೇಡಿ.

ಅವರು ಅರ್ಧಕ್ಕೆ ಬಿಟ್ಟು ಹೋದ ಕೆಲಸದ ಪಟ್ಟಿ ಮಾಡಿ. ಬಾಕಿ ಇರುವ ಅರ್ಜಿ ಯಾವುದು, ಮುಂದಿನ ವಿಚಾರಣೆ ಎಂದು, ಅವರನ್ನು ನಂಬಿ ಕಾದಿರುವವರು ಯಾರು. ಒಂದೊಂದರ ಮುಂದೆಯೂ ಅದನ್ನು ಹೊತ್ತುಕೊಳ್ಳುವವರ ಹೆಸರು ಬರೆಯಿರಿ.

ಧ್ವನಿಮುದ್ರಣ, ವಿಡಿಯೊ ಹಂಚುವ ಮುನ್ನ ಕ್ಯಾಪ್ಷನ್‌ನಲ್ಲಿ ಹೆಸರುಗಳನ್ನು ತಿದ್ದಿ, ಇಂಟರ್‌ಪ್ರಿಟರ್ ಚೌಕಟ್ಟಿನೊಳಗೆ ಕಾಣುತ್ತಾರಾ ನೋಡಿ, ಪೂರ್ತಿ ಮಾತುಗಳ ಅಕ್ಷರ ಪ್ರತಿಯನ್ನೂ ಜೊತೆಗೆ ಕೊಡಿ. ಒಂದು ವಾರದೊಳಗೆ ಬಂದವರಿಗೆಲ್ಲ ಸಂದೇಶ ಕಳಿಸಿ, ಎಲ್ಲಿ ತೊಂದರೆಯಾಯಿತು ಎಂದು ಕೇಳಿ. ಬಂದ ಉತ್ತರಗಳನ್ನು ಹಾಲ್‌ನ ಅಳತೆಗಳ ಜೊತೆ, ಇಂಟರ್‌ಪ್ರಿಟರ್‌ಗಳ ಪಟ್ಟಿಯ ಜೊತೆ ಒಂದೇ ಕಡತದಲ್ಲಿಟ್ಟು, ಮುಂದಿನ ಸಭೆ ನಡೆಸುವ ಸಂಘಟನೆಗೆ ಕೊಟ್ಟುಬಿಡಿ.